ಉಗಿ ಬಿಡದ ಹಿತ್ತಾಳೆ ರೈಲು

ನನ್ನ ಗಂಡ ಸಿದ್ಧಲಿಂಗೇಶ್‌ಗೆ ಶಿಕಾರಿಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಏನು ಕೆಟ್ಟು ಬಂದರೂ ಆಗಲ್ಲ ಅನ್ನುವ ಬಾಯಲ್ಲ ಅದು. ಸೊರಬದ ಮಾಬ್ಲೇಶ್ವರ ಅವರ ಹಿತ್ತಾಳೆಯ ಪುಟ್ಟ ರೈಲು ಎಂಜಿನ್ ಬಂದಿದ್ದೂ ಹಾಗೇ. ಮೊಳದುದ್ದ ಇದ್ದರೂ ನಿಜವಾಗಿ ನೀರು ಕುದಿಸಿಕೊಂಡು ಉಗಿಯಲ್ಲೇ ಓಡುವಂಥದ್ದು. ಸೋರುತ್ತಿದ್ದ ಬಾಯ್ಲರಿಗೆ ಬೆಸುಗೆ ಹಾಕಿ ಸುಮ್ಮನಿರಬಹುದಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಅದರ ಸ್ಪಿರಿಟ್ ದೀಪ ತೆಗೆದು ಗ್ಯಾಸ್ ಬರ್ನರ್ ಕೂರಿಸಿದರು.

"ಅಷ್ಟು ಉರಿ ತಡಿತತೇನ್ರೀ?" ಅಂದೆ.

"ಕುಕ್ಕರ್‌ಗಿದ್ದಂಗೆ ಇದಕ್ಕೂ ಸೇಫ್ಟಿ ವಾಲ್ವ್ ಐತಿ. ಉಗಿ ಜಾಸ್ತಿ ಆದ್ರೆ ತಾನೇ ಬಿಡ್ತತಿ, ಸುಮ್ಕಿರು."

ಆಯುಧಪೂಜೆ ಮುಗಿದ ಮೇಲೆ ಅದನ್ನು ಕೊಡಲು ಸೊರಬಕ್ಕೆ ಹೋದೆವು. ಅತ್ತೆ ಮಹಾದೇವಮ್ಮ, ಮಗಳು ಧನ್ಯಾ ಕೂಡ ಬಂದರು. ಮಾಬ್ಲೇಶ್ವರ ಅವರ ಜಗಲಿಯಲ್ಲಿ ಇವರು ಹಳಿ ಜೋಡಿಸಿ ಬರ್ನರ್ ಹಚ್ಚಿದರು. ಧನ್ಯಾ ಎಂಜಿನ್ನಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು.

ಒತ್ತಡದ ಮುಳ್ಳು ಕೆಂಪು ಗೆರೆ ದಾಟಿತು. ವಾಲ್ವ್ ಉಗಿ ಬಿಡಲಿಲ್ಲ. ಮುಳ್ಳು ಇನ್ನೂ ಏರಿತು. ಗಂಡನ ಮುಖ ನೋಡಿದೆ, ಬಿಳುಚಿಕೊಂಡಿತ್ತು.

"ಪ್ರಮೀಳಾ, ಮಗೀನ್ ಎತ್ಕಂಡು ಓಡು!"

ಓಡಬೇಕಲ್ಲ, ಕಾಲೇ ಏಳಲಿಲ್ಲ. ಕುಕ್ಕರ್ ಸಿಡಿದು ಕಣ್ಣು ಕಳೆದುಕೊಂಡವರ ಸುದ್ದಿಯೆಲ್ಲ ಒಟ್ಟಿಗೆ ನೆನಪಾಯಿತು. ಅತ್ತೆಯೇ ಮೊಮ್ಮಗಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು, ಅವಳ ಮೇಲೆ ಬಗ್ಗಿ ಕೂತರು. "ಎಂತ ಆಯ್ತು ಮಾರಾಯ್ರೆ?" ಅನ್ನುತ್ತ ಮಾಬ್ಲೇಶ್ವರ ಕಂಬದ ಹಿಂದೆ ಸರಿದರು. ಇವರು ಮಾತ್ರ ಎಂಜಿನ್ ಬಿಡಲಿಲ್ಲ. ಗ್ಯಾಸ್ ಆರಿಸಿ, ಚಕ್ರಗಳಿಗೆ ಉಗಿ ಬಿಡುವ ಕಾದ ಹಿಡಿಯನ್ನು ಬರಿಗೈಯಲ್ಲೇ ಎಳೆದರು. ಉಗಿ ನುಗ್ಗಿ ಎಂಜಿನ್ ಓಡಿತು, ಗೋಡೆಗೆ ಗುದ್ದಿ ಅಲ್ಲೇ ಬುಸುಗುಟ್ಟಿತು. ಮುಳ್ಳು ನಿಧಾನಕ್ಕೆ ಇಳಿಯಿತು.

ಆರಿದ ಮೇಲೆ ಇವರು ವಾಲ್ವಿನ ಬಾಯಿಗೆ ಪಿನ್ನು ಹಾಕಿ ಕೆದಕಿದರು. ಬಿಳಿ ಚಕ್ಕೆ ಬಂತು. ವಿಭೂತಿ. ಪೂಜೆಯ ದಿನ ಅತ್ತೆ ಅಂಗಡಿಯ ಸ್ಪ್ಯಾನರು, ಮೋಟಾರುಗಳ ಜೊತೆ ಇದನ್ನೂ ಹುಣಸೆಹಣ್ಣಲ್ಲಿ ತಿಕ್ಕಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಧಾರಾಳವಾಗಿ ಎಳೆದಿದ್ದರು. ಅದು ಒಳಗಿಳಿದು ಗಾರೆಯ ಹಾಗೆ ಕಚ್ಚಿಕೊಂಡಿತ್ತು.

"ನಾನು ಹಚ್ಚಿದ್ದೇನಪ್ಪಾ ಅದು?" ಅತ್ತೆ ಕೇಳಿದರು.

"ಇಲ್ಲವ್ವ, ಸ್ಪ್ರಿಂಗ್ ಹಿಡ್ಕಂಡಿತ್ತು."

ಸುಳ್ಳು ಹೇಳುವವರು ಪಿನ್ನನ್ನಾದರೂ ಮುಚ್ಚಿಡಬೇಡವೇ? ಅತ್ತೆ ಅದನ್ನೇ ನೋಡುತ್ತಿದ್ದರು.

ವಿಭೂತಿ ಇಟ್ಟುಕೊಳ್ಳದೆ ಒಂದು ಗುಟುಕು ನೀರನ್ನೂ ಕುಡಿಯದ ಹೆಂಗಸು. ಧನ್ಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆಳಗ್ಗೆ ತಾವೇ ಅವಳ ಹಣೆಗೆ ಹಚ್ಚಿದ್ದನ್ನು ಸೆರಗಿನಿಂದ ಒರೆಸತೊಡಗಿದರು.

"ಸಾಕು ಅಜ್ಜಿ, ಉರಿತತಿ" ಅಂದಳು ಧನ್ಯಾ. ಅವರು ಒರೆಸುತ್ತಲೇ ಇದ್ದರು.