ಗಾಜಿನ ಪಟ್ಟಿ

"ಗಾಜು?" ಕೆಳಗಿನಿಂದ ಮೇಸ್ತ್ರಿ ಕೂಗಿದ.

"ಹಾಗೇ ಇದೆ!" ಮಹಡಿಯಿಂದ ಸೊಸೆ ಕೂಗಿದಳು.

ಪಕ್ಕದಲ್ಲಿದ್ದ ಅತ್ತೆ ಗೋಡೆಯ ಕಡೆ ನೋಡಲಿಲ್ಲ. ನೆಲದ ಹಲಗೆಗಳ ಸಂದಿಯಲ್ಲಿ ಮೇಸ್ತ್ರಿಯ ರುಮಾಲು, ಭಾರ ಎತ್ತುವ ಜಾಕಿಯ ಹಿಡಿ ಹಿಡಿದ ಮಗನ ನೆತ್ತಿ ಕಾಣುತ್ತಿದ್ದವು. ಕೆಳಗೆ ಗಾಡಿ ಹಾಯುವ ದೊಡ್ಡ ಬಾಗಿಲಿನ ಮೇಲಿನ ಅಡ್ಡಗಲ್ಲು ನಡುವೆ ಸೀಳಿಹೋಗಿತ್ತು. ಅದನ್ನು ಕಿತ್ತು ಹೊಸದನ್ನು ಕೂರಿಸುವವರೆಗೆ ಅಷ್ಟು ದೊಡ್ಡ ಗೋಡೆಯನ್ನು ಹೊರಲು ಇದ್ದದ್ದು ಎರಡು ಮರದ ಆಸರೆ, ಒಂದು ಜಾಕಿ.

ಸಾಮಾನ್ಯ ಗೋಡೆಯಲ್ಲ ಅದು. ಎರಡು ಮೊಳ ದಪ್ಪ. ಹೊರಗೊಂದು ಕಲ್ಲಿನ ಪದರ, ಒಳಗೊಂದು, ನಡುವೆ ಮಣ್ಣು, ಚೂರುಗಲ್ಲು. ಎರಡೂ ಪದರಗಳನ್ನು ಹಿಡಿದು ನಿಲ್ಲಿಸಲು ಅಲ್ಲಲ್ಲಿ ಈಚೆಯಿಂದ ಆಚೆಗೆ ಹಾಯುವ ಉದ್ದನೆಯ ಕಲ್ಲುಗಳು. ಕೆಳಗೆ ದನ, ಮೇಲೆ ಜನ. ಯಾರು ಯಾವಾಗ ಕಟ್ಟಿದರೋ ಯಾರಿಗೂ ಗೊತ್ತಿಲ್ಲ. ಅತ್ತೆಗೆ ಮದುವೆಯಾಗಿ ಬಂದಂದಿನಿಂದ ಗಂಡನಿಗಿಂತ ಈ ಮನೆಯ ಮೇಲೇ ಹೆಚ್ಚು ಭರವಸೆ. ಮಹಡಿಯ ಗೋಡೆಯಲ್ಲಿ, ಆ ಅಡ್ಡಗಲ್ಲಿನ ನೇರಕ್ಕೆ ಎದ್ದ ಬಿರುಕು ತೋರಿಸಿದ ಸೊಸೆಗೆ, "ಕೂದಲೆಳೆಯಷ್ಟೂ ಕದಲಲ್ಲ ಇದು" ಎಂದು ಬಾಯಿ ಮುಚ್ಚಿಸಿದ್ದಳು.

ಮೂರು ತಿಂಗಳ ಹಿಂದೆ ಮೇಸ್ತ್ರಿ ಆ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ, ಗೋಡೆ ಅಲುಗಿದರೆ ಮೊದಲು ಒಡೆಯುವುದು ಇದೇ ಎಂದು ಹೇಳಿಹೋಗಿದ್ದ. ವಾರದೊಳಗೆ ಜೇಡರಬಲೆ ತೆಗೆಯಲು ಹೋದ ಅತ್ತೆಗೆ ಅದು ಎರಡು ತುಂಡಾಗಿ ಕಂಡಿತು. ತನ್ನ ಪೊರಕೆಯೇ ತಗುಲಿರಬೇಕು! 'ಅತ್ತೆ ಕೈಗೆ ಸಿಕ್ಕಿದ್ದು ಉಳಿಯಲ್ಲ' ಎಂದು ಸೊಸೆ ಮೊದಲೇ ನಗುತ್ತಾಳೆ. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಪೇಟೆಯವರೆಗೆ ನಡೆಯುವುದೇ ಆಕೆಗೆ ಸುಲಭ. ಫೋಟೋಗೆ ಕಟ್ಟು ಹಾಕುವವನ ಹತ್ತಿರ ಪಟ್ಟಿ ಕತ್ತರಿಸಿ ತಂದು, ಯಾರೂ ಇಲ್ಲದಾಗ ಅಂಟಿಸಿದಳು. ಇರಲಿ ಎಂದು ಒಂದು ಹೆಚ್ಚಿಗೆ ತಂದಿದ್ದಳು.

ಹದಿನೈದೇ ದಿನಕ್ಕೆ ಅದೂ ಬೇಕಾಯಿತು. ಆಗ ಪೊರಕೆ ಆ ಗೋಡೆಯ ಹತ್ತಿರ ಸುಳಿದಿರಲೇ ಇಲ್ಲ. ಬೆಕ್ಕು ಹಾರಿರಬೇಕು ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಹಿತವಾಗಿತ್ತು.

ಇವತ್ತು ಬೆಳಗ್ಗೆ ಮೇಸ್ತ್ರಿ ಗಾಜಿನ ಮೇಲೆ ಬೆರಳಾಡಿಸಿ, "ಮೂರು ತಿಂಗಳು ಒಡೆದಿಲ್ಲ. ಗೋಡೆ ನಿಂತಿದೆ, ಎರಡು ಆಸರೆ ಸಾಕು. ಒಡೆದಿದ್ರೆ ಹೊರಗಿನಿಂದ ಹತ್ತು ಮರ ಊರಬೇಕಿತ್ತು, ನೋಡಿ" ಅಂದಿದ್ದ.

ಆ ಕ್ಷಣದಿಂದಲೇ ಅತ್ತೆಗೆ ಹೇಳಿಬಿಡಬೇಕು ಅನಿಸುತ್ತಿತ್ತು. ಈಗ ಹೇಳುತ್ತೇನೆ, ಈ ಏಟಾದ ಮೇಲೆ ಹೇಳುತ್ತೇನೆ ಎಂದು ಮುಂದೂಡುತ್ತಲೇ ನಿಂತಿದ್ದಳು. ಕೆಳಗೆ ಉಳಿ ಠಣ್ ಠಣ್ ಎನ್ನುತ್ತಿತ್ತು.

"ಅರ್ಧ ಸಡಿಲಾಯ್ತು," ಮೇಸ್ತ್ರಿ ಕೂಗಿದ. "ಎಳೀತೀನಿ. ಗಾಜು?"

"ಹಾಗೇ..."

"ಹೇಳಬೇಡ!" ಅತ್ತೆ ಸೊಸೆಯ ತೋಳು ಹಿಡಿದಳು. "ಅದು ಅವನ ಗಾಜಲ್ಲ ಕಣೇ. ನಾನು ಅಂಟಿಸಿದ್ದು."

"ಯಾವಾಗ?"

"ಎರಡು ಸಲ."

ಸೊಸೆ ಒಂದೇ ನೆಗೆತಕ್ಕೆ ಪಕ್ಕದ ಗೋಡೆಯ ಕಿಟಕಿಗೆ ಹೋಗಿ ಕಿರುಚಿದಳು: "ಆಚೆ ಬನ್ನಿ! ಇಬ್ಬರೂ! ಈಗಲೇ!"

"ಏನಾಯ್ತೇ? ಒಡೀತಾ?" ಗಂಡನ ದನಿ.

"ಮೊದಲು ಆಚೆ ಬನ್ನಿ ಅಂದೆ!"

ಉಳಿ ಬಿದ್ದ ಸದ್ದು. ಇಬ್ಬರೂ ಅಂಗಳಕ್ಕೆ ಓಡಿಬಂದರು. ಮೇಸ್ತ್ರಿ ರುಮಾಲು ಕೊಡವುತ್ತಾ ಮೇಲೆ ನೋಡಿದ. ಅರ್ಧ ಕೆಲಸದಲ್ಲಿ ಎಬ್ಬಿಸಿದ ಸಿಟ್ಟು ಮುಖದಲ್ಲೇ ಇತ್ತು. "ಗಾಜು ಸರಿಯಿದೆ ಅಂದ್ರಲ್ಲಮ್ಮ? ಮತ್ತೆ ಯಾಕೆ ಕರೆದ್ರಿ?"

ಸೊಸೆ ಕಿಟಕಿಯಿಂದ ಪಕ್ಕಕ್ಕೆ ಸರಿದಳು. ಹೇಳಬೇಕಾದವಳು ಅತ್ತೆಯೇ. ಮಗ ಕೆಳಗಿನಿಂದ ಕಿಟಕಿಯನ್ನೇ ನೋಡುತ್ತಿದ್ದ. ಅತ್ತೆ ಕಿಟಕಿಯ ಹತ್ತಿರ ಹೋಗಿ ಬಾಯಿ ತೆರೆದಳು.

ಬೆನ್ನ ಹಿಂದೆ, ಉಗುರು ಕತ್ತರಿಸಿದಷ್ಟೇ ಸಣ್ಣ ಸದ್ದಾಯಿತು.

ಅತ್ತೆ, ಸೊಸೆ ಇಬ್ಬರೂ ತಿರುಗಿದರು. ಪಟ್ಟಿಯ ನಡುವೆ ಒಂದು ಗೆರೆ ಮೂಡಿತ್ತು. ನೋಡುತ್ತಿದ್ದಂತೆ ಅದರ ಒಂದು ಬದಿ ಮೆಲ್ಲಗೆ ಕೆಳಗೆ ಜಾರಿತು.

ಅತ್ತೆ ಎರಡೂ ಬರಿಗೈಗಳನ್ನು ಎತ್ತಿ ಹಿಡಿದಳು.

"ನಾನು ಮುಟ್ಟಲಿಲ್ಲ ಕಣೇ."

"ಗೊತ್ತು ಅತ್ತೆ, ಬನ್ನಿ," ಎಂದು ಸೊಸೆ ಆ ಕೈಗಳಲ್ಲಿ ಒಂದನ್ನು ಹಿಡಿದು, ಎದುರು ಗೋಡೆಗೆ ಒತ್ತಿಕೊಂಡೇ ಮೆಟ್ಟಿಲ ಕಡೆ ನಡೆಸಿದಳು. ಅತ್ತೆಯ ಇನ್ನೊಂದು ಕೈ ಮೇಲೆತ್ತಿದಂತೆಯೇ ಇತ್ತು.