ಅಣ್ಣ ತಂಗಿ ಎಂದು ಹಿಡಿದ ಮನೆ

ವೀಸಾ ಕಚೇರಿಯ ಮೆಟ್ಟಿಲಿಳಿಯುತ್ತಲೇ ಲಂಬು ಫೋನ್ ಮಾಡಿದ. ಪರದೇಶದ ಹಾಸ್ಟೆಲಿನ ಅಡುಗೆಕೋಣೆಯಲ್ಲಿ ಗೆಳೆಯನ ಎತ್ತರ ನೋಡಿ ಆ ಅಡ್ಡಹೆಸರಿಟ್ಟಿದ್ದ ಅವಳು ಪಾತ್ರೆ ತೊಳೆಯುತ್ತಿದ್ದಳು. ತರಗತಿ, ಗ್ರಂಥಾಲಯದ ಅರೆಕಾಲಿಕ ಕೆಲಸ, ಮತ್ತೆ ಓದು. ಕೈಕಾಲುಗಳಲ್ಲಿ ಜೀವವೇ ಉಳಿದಿರಲಿಲ್ಲ.

"ಮದುವೆ ಆಗದಿದ್ರೂ ಸಂಗಾತಿ ಅಂತ ಬರಬಹುದಂತೆ. ಆದ್ರೆ ಜೊತೆಗಿದ್ದಿದ್ದಕ್ಕೆ ಸಾಕ್ಷಿ ಬೇಕಂತೆ."

"ಬಾಡಿಗೆ ಕರಾರು ಕೊಟ್ಯಲ್ಲ?"

"ಕೊಟ್ಟೆ. ಅಧಿಕಾರಿ ಓದಿ, ನನ್ನ ಮುಖ ನೋಡಿ, 'ತಂಗೀನ ನೋಡೋಕೆ ಹೋಗ್ತಿದ್ದೀರಾ?' ಅಂದ್ರು."

ಅವಳಿಗೆ ನಗು ಬರಲಿಲ್ಲ. ಮದುವೆಯಾಗದ ಜೋಡಿಗೆ ಯಾರೂ ಮನೆ ಕೊಡದಿದ್ದಾಗ ಅಣ್ಣ ತಂಗಿ ಎಂದು ಬರೆಸುವ ಉಪಾಯ ಹೂಡಿದ್ದವಳು ಅವಳೇ. ಯಾರ ಕಣ್ಣಿಗೂ ಬೀಳಬಾರದೆಂದು ಜೊತೆಯಾಗಿ ಒಂದು ಫೋಟೊ ಕೂಡ ತೆಗೆಸಿಕೊಂಡಿರಲಿಲ್ಲ. ಉಳಿದದ್ದು, ಇಬ್ಬರೂ ಜೋಡಿಯಾಗಿಯೇ ಇದ್ದರೆಂದು ಮನೆ ಓನರ್ ಆಂಟಿ ಬರೆದುಕೊಡಬೇಕಾದ ಹೇಳಿಕೆಯೊಂದೇ. ಈ ವಾರ ಅದು ಸಿಗದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಲಂಬು ಅಲ್ಲೇ, ಇವಳು ಇಲ್ಲೇ.

ಅವಳು ಫೋನ್ ಮಾಡಿ ನಿಜ ಹೇಳಿದಳು. ಆಂಟಿ ಕೇಳಿದವರೇ ಕೂಗಿಕೊಂಡರು. "ಅಯ್ಯೋ ಪಾಪಿ! ನಿಮ್ಮಣ್ಣನಿಗೆ ಅಂತ ಎಷ್ಟು ಹೆಣ್ಣು ನೋಡಿದ್ನೇ ನಾನು! ಅವನ ಎತ್ತರ ಹೊಗಳಿ ಹೊಗಳಿ ನನ್ನ ಬಾಯೇ ನೋವಾಯ್ತು!"

"ತಪ್ಪಾಯ್ತು ಆಂಟಿ."

"ಅಣ್ಣ ಅಂದೋಳೂ ನೀನೇ, ಈಗ ಅಲ್ಲ ಅನ್ನೋಳೂ ನೀನೇ. ಯಾವುದನ್ನ ನಂಬ್ಲಿ? ನಿಮ್ಮಮ್ಮ ಹೇಳ್ಲಿ, ಬರ್ಕೊಡ್ತೀನಿ."

ಅಮ್ಮನಿಗೆ ಹೇಳಿದ್ದ ಕತೆಯೇ ಬೇರೆ: ಆಫೀಸಿನ ಹುಡುಗಿಯೊಬ್ಬಳ ಜೊತೆ ಮನೆ ಹಂಚಿಕೊಂಡಿದ್ದೇನೆ ಎಂದು. ಇನ್ನೊಂದು ಸುಳ್ಳು ಕಟ್ಟಲು ಅವಳಲ್ಲಿ ತ್ರಾಣವಿರಲಿಲ್ಲ. ಫೋನ್ ಹಚ್ಚಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

 

"ನಾನು ಬಂದು ಉಳ್ಕೊಂಡಿದ್ನಲ್ಲ ಆ ಮನೇಲಿ," ಅಮ್ಮ ಕೇಳಿದಳು, "ಆಗ ಎಲ್ಲಿದ್ದ ಅವನು?"

"ತಾರಸಿ ಮೇಲೆ. ನೀರಿನ ಟ್ಯಾಂಕ್ ಹಿಂದೆ."

"ಎರಡು ರಾತ್ರೀನೂ?"

"ಹ್ಞೂಂ."

"ಹೆತ್ತವಳ ಮುಂದೆ ಇಷ್ಟೊಂದು ನಾಟಕ ಆಡಿದ್ಯಲ್ಲೇ, ನಾಚಿಕೆ ಆಗ್ಲಿಲ್ವಾ?"

ಅವಳು ಗೋಡೆಗೊರಗಿ, ಒದ್ದೆ ನೆಲದ ಮೇಲೆಯೇ ಕುಳಿತುಬಿಟ್ಟಳು.

"ಆಗ ಮಳೆ ಹೊಯ್ದಿತ್ತಲ್ಲೇ." ಅಮ್ಮನ ದನಿ ಇಳಿದಿತ್ತು. "ನಾನು ಕಿಟಕಿ ಮುಚ್ಚಿಸ್ಕೊಂಡು ಮಲಗಿದ್ದೆ."

"ಹೌದಮ್ಮ."

"ಆ ಓನರಮ್ಮನ ನಂಬರ್ ಕಳ್ಸು. ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ."