ಕಕ್ಷೆಯೂ ಕಕ್ಷಕವೂ

"ಇದೂ ಅದೇ," ಎನ್ನುತ್ತ ಟೀಚರ್ ಇನ್ನೊಂದು ಉತ್ತರಪತ್ರಿಕೆಯನ್ನು ಗಂಡನ ಮುಂದಕ್ಕೆ ತಳ್ಳಿದರು. "ನಡುವೆ ಚುಕ್ಕೆ, ಸುತ್ತ ಬಳೆ, ಬಳೆ ಮೇಲೆ ಗೋಲಿ. ಕಕ್ಷಕ ಕೇಳಿದ್ರೆ ನಿಮ್ಮ ಇಡೀ ಕ್ಲಾಸು ಕಕ್ಷೆ ಬರೆದು ಕೂತಿದೆ ರೀ."

ಗಂಡ ಅದೇ ಶಾಲೆಯಲ್ಲಿ ಪಕ್ಕದ ವಿಭಾಗಕ್ಕೆ ರಸಾಯನಶಾಸ್ತ್ರ ಹೇಳುವವರು. ತಂತಿಯ ಬಳೆಗಳಿಗೆ ಗೋಲಿ ಅಂಟಿಸಿ ತಾವೇ ಮಾಡಿದ ಪರಮಾಣುವನ್ನು ವರ್ಷವರ್ಷವೂ ತರಗತಿಗೆ ಹೊತ್ತೊಯ್ಯುತ್ತಿದ್ದುದರಿಂದ ಮಕ್ಕಳ ಬಾಯಲ್ಲಿ ಅವರು ಗೋಲಿ ಮೇಷ್ಟ್ರು.

"ಮಕ್ಕಳಿಗೆ ಅರ್ಥ ಆಗತ್ತಲ್ಲ," ಎಂದರು ಮೇಷ್ಟ್ರು.

"ಅರ್ಥ ಆಗಿರೋದೇ ತಪ್ಪು. ಎಲೆಕ್ಟ್ರಾನು ಗಾಣದೆತ್ತಿನ ಥರ ಒಂದೇ ದಾರೀಲಿ ಸುತ್ತಲ್ಲ. ಇಂಥ ಕಡೆ ಸಿಗೋ ಸಂಭವ ಜಾಸ್ತಿ ಅಂತ ಹೇಳಬಹುದು, ಕಕ್ಷಕ ಅಂದ್ರೆ ಅಷ್ಟೇ."

"ಹಾಗಂದ್ರೆ ಮಗು ಅದೆಲ್ಲಿದೆ ಅಂತ ಕೇಳತ್ತೆ. ಇಲ್ಲೇ ಎಲ್ಲೋ ಇರಬೇಕು ನೋಡ್ಕೊ ಅನ್ನಲಾ? ನಾನು ಕನ್ನಡಕ ಹುಡುಕೋವಾಗ ನೀನು ಅಂತೀಯಲ್ಲ, ಹಾಗೆ?"

ಟೀಚರಿಗೆ ತಲೆ ಚಿಟ್ಟು ಹಿಡಿಯಿತು. ಪಠ್ಯ ಬದಲಾದಾಗಿನಿಂದ ಮನೆಯಲ್ಲೂ ಇದೇ ರಗಳೆ. ಅಂತಿಮ ಪರೀಕ್ಷೆ ಹತ್ತಿರ ಬಂದಿತ್ತು. ಮಕ್ಕಳು ಅಲ್ಲೂ ಹೀಗೇ ಬರೆದರೆ ಗತಿಯೇನು? ಬೇರೆ ದಾರಿ ಕಾಣದೆ ಮುಖ್ಯೋಪಾಧ್ಯಾಯರಿಗೆ ಹೇಳಿದರು. ಆ ಪಾಠವನ್ನು ಟೀಚರೇ ಮತ್ತೆ ಮಾಡಲಿ, ಮೇಷ್ಟ್ರು ಕೂತು ಕೇಳಲಿ ಎಂದು ಅಪ್ಪಣೆಯಾಯಿತು. ಅಂದು ಊಟಕ್ಕೆ ಕೂತ ಮೇಷ್ಟ್ರು ಉಪ್ಪಿಗೂ ತಾವೇ ಎದ್ದು ಹೋದರು.

ಮರುದಿನ ಅವರು ತಮ್ಮದೇ ತರಗತಿಯ ಹಿಂದಿನ ಗೋಡೆಗೆ ಒರಗಿ ನಿಂತರು. ಟೀಚರ್ ಶಕ್ತಿಮಟ್ಟಗಳನ್ನು ವಿವರಿಸುತ್ತಿದ್ದಾಗ ಮುಂದಿನ ಸಾಲಿನ ಹುಡುಗಿ ಎದ್ದಳು.

"ಕೆಳಗಿನ ಮಟ್ಟದಿಂದ ಮೇಲಿನದಕ್ಕೆ ಹೋಗೋವಾಗ ಅದು ನಡುವೆ ಎಲ್ಲಿರತ್ತೆ ಟೀಚರ್?"

"ನಡುವೆ ಯಾವ ಮಟ್ಟವೂ ಇಲ್ಲ. ಇಲ್ಲಿರಬೇಕು, ಇಲ್ಲಾ ಅಲ್ಲಿರಬೇಕು."

"ಮತ್ತೆ ಹೋಗೋದು ಹೆಂಗೆ?"

"ತಕ್ಕಷ್ಟು ಶಕ್ತಿ ಸಿಕ್ಕಾಗ ಹೋಗತ್ತೆ."

"ಯಾವ ದಾರೀಲಿ?"

"ದಾರಿ ಅನ್ನೋದೇ ಇಲ್ಲಮ್ಮ. ಎಷ್ಟು ಸಲ ಹೇಳೋದು?"

ಯಾರೋ ಕಿಸಕ್ಕೆಂದರು. "ನಮ್ಮ ಮೇಷ್ಟ್ರು ಹೇಳಿದ್ದೇ ಸುಲಭ ಇತ್ತು," ಎಂದಿತು ಕಿಟಕಿ ಕಡೆಯ ಒಂದು ದನಿ. ಟೀಚರ ಕಿವಿ ಬಿಸಿಯಾಯಿತು. ಮೇಷ್ಟ್ರು ಗೋಡೆ ಬಿಟ್ಟು ಮುಂದೆ ಬರುವುದು ಕಂಡಿತು. ಈಗ ಇವರದೊಂದು ಬಾಕಿ ಎಂದುಕೊಂಡು ಟೀಚರ್ ಸೀಮೆಸುಣ್ಣವನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿದರು.

"ಸುಲಭ ಇತ್ತು, ನಿಜ," ಎಂದರು ಮೇಷ್ಟ್ರು, ಮಕ್ಕಳ ಕಡೆ ತಿರುಗಿ. "ಆದರೆ ಸರಿ ಇರಲಿಲ್ಲ. ನಾನು ಬರೆಸಿದ ಚಿತ್ರ ಹೊಡೆದು ಹಾಕಿ."

ಗೆದ್ದೆನೆಂಬ ಖುಷಿ ಟೀಚರಿಗೆ ಬರಲಿಲ್ಲ; ಬಿಗಿಹಿಡಿದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ಮೇಷ್ಟ್ರು ಅವರ ಮುಖ ನೋಡಲಿಲ್ಲ.

"ಮೊದಲಿಂದ ಹೇಳಿ ಟೀಚರ್. ನನಗೂ ಆ ನಡುವಿನದು ತಲೆಗೆ ಹೋಗಿಲ್ಲ."

ಕೊನೆಯ ಬೆಂಚಿನ ಹುಡುಗಿಯರು ಸರಿದು ಜಾಗ ಕೊಟ್ಟರು. ಡೆಸ್ಕಿನ ಕೆಳಗೆ ಮೊಣಕಾಲು ಹಿಡಿಸದೆ ಮೇಷ್ಟ್ರು ಪಕ್ಕಕ್ಕೆ ತಿರುಗಿ ಕೂತು, ಓಡಾಡುವ ದಾರಿಗೆ ಕಾಲು ಚಾಚಿ, ಪಕ್ಕದವಳ ಹತ್ತಿರ ಒಂದು ಪೆನ್ಸಿಲ್ ಕೇಳಿದರು.